ಮನೆಯಲ್ಲೇ ಕಲಿಯುವ ಮಕ್ಕಳಿಗೂ ಒಂದು ಊರು ಬೇಕು

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬುಧವಾರ ಬೆಳಿಗ್ಗೆ, ಬೆಂಗಳೂರಿನ ದಕ್ಷಿಣ ಭಾಗದ ಕೆರೆಯೊಂದರ ಏರಿಯ ಮೇಲೆ ಹನ್ನೊಂದು ಮಕ್ಕಳ ಜೊತೆ ನಡೆಯುತ್ತಿದ್ದೆ. ಐದು ವರ್ಷದ ಪುಟಾಣಿಯಿಂದ ಹಿಡಿದು ಹದಿಮೂರು ವರ್ಷದ ಹುಡುಗಿಯವರೆಗೆ ಎಲ್ಲ ವಯಸ್ಸಿನವರೂ ಇದ್ದರು. ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ಮಕ್ಕಳು ಇವರು. ಅವತ್ತು ನೋಡಬೇಕೆಂದುಕೊಂಡಿದ್ದು ನೀರುಕಾಗೆಗಳನ್ನು. ದೊಡ್ಡವರು ದುರ್ಬೀನು ಹಿಡಿದು ಮುಂದೆ ಓಡಿದ್ದರು. ಹಿಂದೆ ಉಳಿದವನು ಗಾಲಿಕುರ್ಚಿಯಲ್ಲಿ ಕುಳಿತಿದ್ದ ಎಂಟು ವರ್ಷದ ಹುಡುಗ. ಏರಿಯ ಪಕ್ಕದ ಹೊಂಗೆ ಮರದ ಕೊಂಬೆಯೊಂದು ಜೋತುಬಿದ್ದು ಸರಿಯಾಗಿ ಅವನ ಮುಖದ ಮಟ್ಟಕ್ಕೆ ಬಂದಿತ್ತು.

"ಅಮ್ಮಾ, ಈ ಎಲೆಗೆ ಯಾರೋ ಸುಣ್ಣ ಹೊಡೆದಿದಾರೆ!"

ಹೊಂಗೆ ಎಲೆಯ ಮೇಲಿನ ಆ ಬೆಳ್ಳನೆ ಮಚ್ಚೆಗಳನ್ನು ಬೆಂಗಳೂರಿನಲ್ಲಿ ನೋಡದವರಿಲ್ಲ, ಏನೆಂದು ಕೇಳಿದವರು ಕಡಿಮೆ. ಮುಂದೆ ಹೋಗಿದ್ದವರು ವಾಪಸ್ ಬಂದರು. ಒಬ್ಬಳು ಎಲೆಯನ್ನು ಬೆಳಕಿಗೆ ಹಿಡಿದಳು. ಮಚ್ಚೆಯೊಳಗೆ ಕಪ್ಪು ಚುಕ್ಕೆಗಳು ಕಂಡವು. ಹುಡುಗನ ತಾಯಿ ಉಗುರಿನ ತುದಿಯಿಂದ ಮೇಲಿನ ಪೊರೆಯನ್ನು ಮೆಲ್ಲಗೆ ಎತ್ತಿದರು. ಒಳಗೆ ಅಕ್ಕಿನುಚ್ಚಿನಷ್ಟೂ ಇಲ್ಲದ ಒಂದು ಹುಳ ಕದಲಿತು. ಆ ಕಪ್ಪು ಚುಕ್ಕೆಗಳು ಅದರ ಹಿಕ್ಕೆ. ಪುಟ್ಟ ಪತಂಗವೊಂದರ ಮರಿ ಅದು. ಎಲೆಯ ಮೇಲಿನ ಪೊರೆಗೂ ಕೆಳಗಿನ ಪೊರೆಗೂ ನಡುವಿನ ಹಸಿರನ್ನು ತಿಂದು, ಅಲ್ಲೇ ಬೆಳೆದು, ಪತಂಗವಾಗಿ ಹೊರಬರುತ್ತದೆ. ಹಸಿರು ಹೋದ ಜಾಗ ಬೆಳ್ಳಗೆ ಕಾಣುತ್ತದೆ, ಅಷ್ಟೆ. ಯಾವ ಕೊಂಬೆಯಲ್ಲಿ ಎಷ್ಟು ಎಲೆಗೆ ಮಚ್ಚೆ ಇದೆ ಎಂದು ಎಣಿಸಲು ಇಬ್ಬರು ಕುಳಿತರು. ಮಂಡ್ಯ ಕಡೆಯ ಅಜ್ಜಿಯೊಬ್ಬರು ಗದ್ದೆಗೆ ಹೊಂಗೆ ಸೊಪ್ಪು ತುಳಿಯುತ್ತಿದ್ದ ಕಾಲದ ಮಾತು ತೆಗೆದರು. ಹೊಂಗೆಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದಲೇ ಆ ಸೊಪ್ಪು ಅಷ್ಟು ಒಳ್ಳೆಯ ಗೊಬ್ಬರ ಎಂದು ಮಗುವೊಂದರ ತಂದೆ ವಿವರಿಸಿದರು. ಮುಕ್ಕಾಲು ಗಂಟೆ ಒಂದೇ ಮರದ ಕೆಳಗೆ ಕಳೆಯಿತು. ನೀರುಕಾಗೆಗಳ ನೆನಪು ಯಾರಿಗೂ ಬರಲಿಲ್ಲ.

ಇಂಥ ಗುಂಪುಗಳ ಬಗ್ಗೆ ಕೇಳಿದಾಗ ಓದುಗರ ಮನಸ್ಸಿನಲ್ಲಿ ಹಲವು ಪ್ರಶ್ನೆಗಳು ಏಳುವುದು ಸಹಜ. ಇದು ಕಾನೂನಿಗೆ ಸರಿಯೇ? ಪರೀಕ್ಷೆಯ ಗತಿ ಏನು? ಮಕ್ಕಳು ನಾಲ್ಕು ಜನರ ಜೊತೆ ಬೆರೆಯುವುದು ಹೇಗೆ? ಕಾಡುಮೇಡು ಸುತ್ತಿದರೆ ಓದು ಬರುತ್ತದೆಯೇ? ಒಂದೊಂದಾಗಿ ನೋಡೋಣ.

ಮನೆಪಾಠ ಅಲ್ಲ, ಮನೆಶಾಲೆ

ನಮ್ಮಲ್ಲಿ ಮನೆಪಾಠ ಎಂದರೆ ಟ್ಯೂಷನ್. ಶಾಲೆ ಬಿಟ್ಟ ಮೇಲೆ ಮತ್ತೊಂದು ಶಾಲೆ. ಹೋಂಸ್ಕೂಲಿಂಗ್ ಅದಲ್ಲ. ಮಗುವಿನ ಕಲಿಕೆಯ ಪೂರ್ತಿ ಹೊಣೆಯನ್ನು ಹೆತ್ತವರೇ ಹೊತ್ತುಕೊಳ್ಳುವುದು ಅದು. ಕೆಲವರು ಪಠ್ಯಪುಸ್ತಕ ಹಿಡಿದು ವೇಳಾಪಟ್ಟಿಯಂತೆ ಕಲಿಸುತ್ತಾರೆ. ಇನ್ನು ಕೆಲವರು ಮಗುವಿನ ಕುತೂಹಲ ಎತ್ತ ಹೋಗುತ್ತದೋ ಅತ್ತ ತಾವೂ ಹೋಗುತ್ತಾರೆ. ಬಡತನದಿಂದಲೋ ಕೂಲಿಯಿಂದಲೋ ಶಾಲೆ ತಪ್ಪಿಹೋದ ಮಗುವಿನ ಕಥೆ ಇದಕ್ಕಿಂತ ತೀರಾ ಬೇರೆ. ಅದು ಅನ್ಯಾಯ, ಇದು ಆಯ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಬಯಲಿನ ಕಲಿಕೆಯನ್ನು ಮನೆಯ ಕಲಿಕೆಗೆ ಜೋಡಿಸಿದವರಲ್ಲಿ ಮೊದಲು ನೆನಪಾಗುವ ಹೆಸರು ಇಂಗ್ಲೆಂಡಿನ ಶಾರ್ಲೆಟ್ ಮೇಸನ್. ಮನೆಯ ಶಿಕ್ಷಣದ ಬಗ್ಗೆ ಅವರ ಪುಸ್ತಕ ಬಂದದ್ದು 1886ರಲ್ಲಿ. ಹವೆ ಚೆನ್ನಾಗಿರುವ ದಿನಗಳಲ್ಲಿ ಚಿಕ್ಕ ಮಕ್ಕಳು ನಾಲ್ಕರಿಂದ ಆರು ಗಂಟೆ ಬಯಲಿನಲ್ಲೇ ಇರಬೇಕು ಎಂಬುದು ಅವರ ಸಲಹೆ. ಕಂಡ ಹೂವು, ಹಕ್ಕಿ, ಹುಳುವನ್ನು ಮಗು ತಾನೇ ಬರೆದು ಬಿಡಿಸಿ ಇಟ್ಟುಕೊಳ್ಳುವ ಪ್ರಕೃತಿ ಪುಸ್ತಕವೂ ಅವರ ಪದ್ಧತಿಯದ್ದೇ. ಆದರೆ ಮೇಸನ್ ಅಷ್ಟಕ್ಕೇ ನಿಲ್ಲಲಿಲ್ಲ. ಮರುವರ್ಷವೇ, 1887ರಲ್ಲಿ, ಹೆತ್ತವರ ಒಂದು ಸಂಘ ಕಟ್ಟಿದರು. ಮನೆಯಲ್ಲಿ ಕಲಿಸುವವರು ಒಬ್ಬರನ್ನೊಬ್ಬರು ಕಾಣಬೇಕು, ಕೇಳಬೇಕು ಎಂಬ ಅಗತ್ಯ ಆಗಲೇ ಗೊತ್ತಿತ್ತು. ನಮ್ಮ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು, ಮಕ್ಕಳಿಗಾಗಿಯೇ 'ಬಾಲಪ್ರಪಂಚ' ಸಂಪುಟಗಳನ್ನು ಬರೆದುಕೊಟ್ಟರು. ಗೋಡೆಯಾಚೆಯ ಕಲಿಕೆ ನಮಗೆ ಪರದೇಶದ ಸರಕೇನೂ ಅಲ್ಲ.

ಕಾನೂನು ಏನು ಹೇಳುತ್ತದೆ

ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡುವುದು ಸರ್ಕಾರದ ಹೊಣೆ ಎನ್ನುತ್ತದೆ ಅದು. 10ನೇ ಸೆಕ್ಷನ್ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎನ್ನುತ್ತದೆ. ಆದರೆ ಸೇರಿಸದ ಹೆತ್ತವರಿಗೆ ಇಂಥ ಶಿಕ್ಷೆ ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. ಹೋಂಸ್ಕೂಲಿಂಗ್ ಎಂಬ ಮಾತೇ ಅದರಲ್ಲಿ ಇಲ್ಲ. ಅನುಮತಿಯೂ ಇಲ್ಲದ, ಅಪರಾಧವೂ ಅಲ್ಲದ ಈ ಮಬ್ಬು ಜಾಗದಲ್ಲಿಯೇ ಈ ಕುಟುಂಬಗಳು ಬದುಕುತ್ತಿವೆ.

ಒಂದು ಕಡೆ ಮಾತ್ರ ಕಾಯ್ದೆ ಸ್ಪಷ್ಟವಾಗಿದೆ. 2012ರ ತಿದ್ದುಪಡಿಯ ಪ್ರಕಾರ, ತೀವ್ರ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಗು ಮನೆಯಲ್ಲೇ ಶಿಕ್ಷಣ ಪಡೆಯುವುದನ್ನು ಆರಿಸಿಕೊಳ್ಳಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ಆಯ್ಕೆಯನ್ನು ಉಳಿಸಿಕೊಂಡಿದೆ. ಕರ್ನಾಟಕದಲ್ಲಿ ಇದನ್ನು ಗೃಹಾಧಾರಿತ ಶಿಕ್ಷಣ ಎನ್ನುತ್ತಾರೆ. ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರು ಇಂಥ ಮಕ್ಕಳ ಮನೆಗೇ ಹೋಗಿ ಕಲಿಸುತ್ತಾರೆ. ಅಂದರೆ ಈ ನಾಡಿನ ಹಳ್ಳಿಗಳಲ್ಲೂ ಮನೆಯಲ್ಲೇ ಕಲಿಯುವ ಮಕ್ಕಳು ಇದ್ದಾರೆ. ಹೋಂಸ್ಕೂಲಿಂಗ್ ಎಂದ ಕೂಡಲೇ ನಾವು ನಗರದ ಅಪಾರ್ಟ್‌ಮೆಂಟಿನ ಮಗುವನ್ನು ನೆನೆಯುತ್ತೇವೆ. ಮನೆಗೆ ಬರುವ ಶಿಕ್ಷಕರಿಗಾಗಿ ಕಾಯುತ್ತ ಜಗಲಿಯಲ್ಲಿ ಕುಳಿತ ಮಗು ಆ ಚಿತ್ರದಲ್ಲಿ ಬರುವುದೇ ಇಲ್ಲ.

ಪರೀಕ್ಷೆಗೆ ದಾರಿಗಳಿವೆ. 1989ರಲ್ಲಿ ಹುಟ್ಟಿದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ಮೂರು, ಐದು ಮತ್ತು ಎಂಟನೇ ತರಗತಿಗೆ ಸಮನಾದ ಮೂರು ಹಂತಗಳನ್ನೂ, ಹದಿನಾಲ್ಕು ತುಂಬಿದವರಿಗೆ ಹತ್ತನೇ ತರಗತಿಯ ಪರೀಕ್ಷೆಯನ್ನೂ ನಡೆಸುತ್ತದೆ. ಶಾಲೆಗೆ ಮರಳುವ ದಾರಿಯೂ ತೆರೆದೇ ಇದೆ. ಶಾಲೆಗೆ ಸೇರದೇ ಉಳಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಬೇಕಾದರೆ ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ ಅದೇ ಕಾಯ್ದೆಯ 4ನೇ ಸೆಕ್ಷನ್. ಹೆತ್ತವರು ಈ ಸೆಕ್ಷನ್ನನ್ನು ಮರೆಯಬಾರದು. ಮಗುವಿಗೆ ಒಂದು ದಿನ "ನಾನೂ ಶಾಲೆಗೆ ಹೋಗ್ತೀನಿ" ಎನ್ನಿಸಿದರೆ, ಆ ಬಾಗಿಲನ್ನು ಹೆತ್ತವರ ಹಟ ಮುಚ್ಚಬಾರದು.

ಗುಂಪು ಕಟ್ಟುವವರು ತಿಳಿದಿರಬೇಕಾದ ಇನ್ನೊಂದು ಗೆರೆ 18ನೇ ಸೆಕ್ಷನ್. ಮಾನ್ಯತೆ ಇಲ್ಲದೆ ಶಾಲೆ ನಡೆಸುವಂತಿಲ್ಲ. ನಡೆಸಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ ಹತ್ತು ಸಾವಿರ. ನಾಲ್ಕಾರು ಕುಟುಂಬಗಳು ವಾರಕ್ಕೊಮ್ಮೆ ಕೆರೆಯ ಏರಿಯಲ್ಲಿ ಸೇರುವುದು ಶಾಲೆಯಲ್ಲ. ಬಾಡಿಗೆ ಕಟ್ಟಡ, ಸಂಬಳದ ಶಿಕ್ಷಕರು, ತಿಂಗಳ ಫೀಸು, ದಿನವೂ ಹಾಜರಿ ಎಂದು ಶುರುವಾದರೆ ಅದಕ್ಕೆ ಶಾಲೆಯ ಲಕ್ಷಣಗಳೇ ಬರತೊಡಗುತ್ತವೆ. ಹೆತ್ತವರು ಜೊತೆಯಲ್ಲೇ ಇರುವುದು, ಹಣದ ವ್ಯವಹಾರ ಇಲ್ಲದಿರುವುದು ಗುಂಪಿನ ಆರೋಗ್ಯಕ್ಕೂ ಒಳ್ಳೆಯದು, ಕಾನೂನಿನ ಕಣ್ಣಿಗೂ ಒಳ್ಳೆಯದು.

ಬಯಲೇ ಏಕೆ?

ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ವೇಗದ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುವುದು ಕಷ್ಟ. ಒಂದೇ ಮರದ ಕೆಳಗೆ ಆ ಕಷ್ಟ ಬಹಳ ಮಟ್ಟಿಗೆ ಕರಗುತ್ತದೆ. ಅವತ್ತಿನ ಹೊಂಗೆ ಮರವನ್ನೇ ನೋಡಿ. ಐದು ವರ್ಷದವಳಿಗೆ ಅದು ಎಣಿಕೆ, ಹನ್ನೆರಡರವನಿಗೆ ಶೇಕಡಾ ಲೆಕ್ಕ, ಹದಿಮೂರರವಳಿಗೆ ಸಾರಜನಕದ ಚಕ್ರ. ಮಾತಾಡದ, ಆದರೆ ಮುಟ್ಟಿ ತಿಳಿಯುವ ಮಗುವೊಂದು ಆ ಗುಂಪಿನಲ್ಲಿತ್ತು. ಅದು ಉಬ್ಬಿದ ಪೊರೆಯ ಮೇಲೆ ಬೆರಳಾಡಿಸುತ್ತ ಕುಳಿತೇ ಇತ್ತು. ಯಾರಿಗೂ ಪಾಠ ಮುಗಿದಿರಲಿಲ್ಲ, ಯಾರೂ ಹಿಂದೆ ಬಿದ್ದಿರಲಿಲ್ಲ. ಆಟಿಸಂ ಇರುವ ಕೆಲವು ಮಕ್ಕಳಿಗೆ ತರಗತಿಯ ಗದ್ದಲ, ಗಂಟೆಯ ಸದ್ದು, ಟ್ಯೂಬ್‌ಲೈಟಿನ ಬೆಳಕೇ ತಡೆಯಲಾರದ ಹಿಂಸೆ. ಬಯಲಿನಲ್ಲಿ ಅವರಿಗೆ ಹತ್ತು ಹೆಜ್ಜೆ ದೂರ ಸರಿದು ನಿಲ್ಲುವ ಸ್ವಾತಂತ್ರ್ಯವಾದರೂ ಇರುತ್ತದೆ.

ಇನ್ನೊಂದು ಕಾರಣ ಕಾಲದ ಅರಿವು. ನಮ್ಮ ರೈತರ ಬಳಿ ಮಳೆನಕ್ಷತ್ರಗಳ ಪಂಚಾಂಗವಿದೆ. ಅಶ್ವಿನಿ, ಭರಣಿಯಿಂದ ಶುರುವಾಗಿ ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ ಬದಲಾಗುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಮಾತು ಯಾವ ಹಳ್ಳಿಯ ಅಜ್ಜನ ಬಾಯಲ್ಲೂ ಸಿಗುತ್ತದೆ. ಒಂದು ಮಗು ಒಂದು ವರ್ಷ ಪೂರ್ತಿ ಈ ಲೆಕ್ಕದಲ್ಲಿ ತನ್ನ ಬೀದಿಯ ಒಂದು ಮರವನ್ನು ನೋಡಲಿ: ಯಾವ ಮಳೆಗೆ ಚಿಗುರು, ಯಾವಾಗ ಹೂವು, ಎಲೆಗೆ ಹುಳ ಬಿದ್ದದ್ದು ಯಾವಾಗ. ಇದನ್ನೇ ದೇಶಮಟ್ಟದಲ್ಲಿ ಮಾಡುವ ಸೀಸನ್‌ವಾಚ್ ಎಂಬ ಯೋಜನೆ ಇದೆ. ಮಕ್ಕಳು ತಮ್ಮ ಮರವನ್ನು ವಾರವಾರ ನೋಡಿ ಎಲೆ, ಹೂ, ಹಣ್ಣಿನ ಸ್ಥಿತಿಯನ್ನು ದಾಖಲಿಸುತ್ತಾರೆ. ಆ ದಾಖಲೆ ಹವಾಮಾನ ಬದಲಾವಣೆಯನ್ನು ಅರಿಯುವವರ ಕೈಗೆ ಸೇರುತ್ತದೆ. ಹೊರಗೆ ಕಳೆದ ಹೊತ್ತು ಪೋಲು ಎನ್ನುವವರು ಇಂಥ ಒಂದು ವರ್ಷದ ನೋಟ್‌ಬುಕ್ಕನ್ನು ತಿರುವಿ ನೋಡಬೇಕು.

'ಎಲ್ಲರೂ' ಎಂದರೆ ಯಾರು?

ಇಲ್ಲಿಗೆ ಬರಲೆಂದೇ ನಾನು ಈ ಲೇಖನ ಬರೆಯಲು ಕುಳಿತದ್ದು. ಎಲ್ಲರನ್ನೂ ಒಳಗೊಳ್ಳುವ ಗುಂಪು ಎಂಬ ಮಾತು ಅಮೆರಿಕದ ಹೋಂಸ್ಕೂಲ್ ಕುಟುಂಬಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. 1993ರ ಹೊತ್ತಿಗೆ ಅಲ್ಲಿನ ಐವತ್ತೂ ರಾಜ್ಯಗಳಲ್ಲಿ ಹೋಂಸ್ಕೂಲಿಂಗ್ ಕಾನೂನುಬದ್ಧವಾಯಿತು. ಆದರೆ ಅನೇಕ ಗುಂಪುಗಳು ಸೇರುವವರಿಂದ ಮತನಂಬಿಕೆಯ ಹೇಳಿಕೆಗೆ ಸಹಿ ಕೇಳುತ್ತಿದ್ದವು. ಸಹಿ ಹಾಕಲಾಗದವರು ಬೇರೆ ಗುಂಪು ಕಟ್ಟಿಕೊಂಡು, ಯಾವ ಧರ್ಮದವರೂ ಬರಬಹುದು, ಧರ್ಮ ಇಲ್ಲದವರೂ ಬರಬಹುದು ಎಂದು ಬಾಗಿಲು ತೆರೆದರು.

ಜರ್ಮನಿಯಲ್ಲಿ ಚಿತ್ರ ತಲೆಕೆಳಗು. ಅಲ್ಲಿ ಪುಟ್ಟ ಮಕ್ಕಳಿಗೆ ಕಾಡಿನಲ್ಲೇ ನಡೆಯುವ ಶಿಶುವಿಹಾರಗಳು ಹೇರಳವಾಗಿವೆ. ಆದರೆ ಶಾಲೆಯ ವಯಸ್ಸು ಬಂದರೆ ಶಾಲೆಗೆ ಹೋಗಲೇಬೇಕು, ಮನೆಯಲ್ಲಿ ಕಲಿಸುವುದಕ್ಕೆ ಅವಕಾಶವಿಲ್ಲ. ಈ ನಿಯಮದ ವಿರುದ್ಧ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದ ಹೆತ್ತವರಿಗೆ 2006ರಲ್ಲೂ 2019ರಲ್ಲೂ ಜಯ ಸಿಗಲಿಲ್ಲ. ನಂಬಿಕೆಯೊಂದರ ಸುತ್ತ ತಮ್ಮಷ್ಟಕ್ಕೆ ತಾವು ಬೇಲಿ ಹಾಕಿಕೊಂಡ ಪ್ರತ್ಯೇಕ ಸಮಾಜಗಳು ಹುಟ್ಟಬಾರದು ಎಂಬುದು ಅಲ್ಲಿನ ನ್ಯಾಯಾಲಯಗಳ ವಾದ. ನಾನು ಜರ್ಮನಿಯ ನಿಷೇಧವನ್ನು ಒಪ್ಪುವವನಲ್ಲ. ಆದರೆ ಆ ಭಯ ಹುಸಿ ಎಂದು ತಳ್ಳಿಹಾಕಲೂ ಆರೆ. ನಮ್ಮಲ್ಲಿ ಬೇಲಿಗಳಿಗೆ ಏನು ಬರ?

ಶಾಲೆಗೆ ಎಷ್ಟೇ ದೋಷಗಳಿರಲಿ, ಒಳ್ಳೆಯ ಸರ್ಕಾರಿ ಶಾಲೆಯೊಂದು ಒಂದು ಕೆಲಸ ಮಾಡುತ್ತದೆ. ತಾವಾಗಿ ಎಂದೂ ಒಬ್ಬರ ಮನೆಗೆ ಒಬ್ಬರು ಹೋಗದವರ ಮಕ್ಕಳನ್ನು ಒಂದೇ ಸಾಲಿನಲ್ಲಿ ಬಿಸಿಯೂಟಕ್ಕೆ ಕೂರಿಸುತ್ತದೆ. ಮಗುವನ್ನು ಶಾಲೆಯಿಂದ ಬಿಡಿಸಿದ ಹೆತ್ತವರು ಆ ಸಾಲಿನಿಂದಲೂ ಬಿಡಿಸಿದಂತಾಯಿತು. ಅದನ್ನು ಬೇರೆ ಎಲ್ಲಾದರೂ ಕಟ್ಟಿಕೊಡುವುದು ಅವರದೇ ಹೊಣೆ. ಮಕ್ಕಳು ಬೆರೆಯುವುದು ಹೇಗೆ ಎಂಬ ಪ್ರಶ್ನೆಗೆ "ನಮಗೂ ಗುಂಪಿದೆ" ಎಂದರೆ ಸಾಲದು. ಆ ಗುಂಪಿನಲ್ಲಿ ಯಾರಿದ್ದಾರೆ ಎಂದು ಕೇಳಬೇಕು. ಒಂದೇ ಬಗೆಯ ಉದ್ಯೋಗ, ಒಂದೇ ಭಾಷೆ, ಒಂದೇ ಅಡುಗೆಯ ಹತ್ತು ಮನೆಗಳು ಕಾಡಿಗೆ ಹೋಗಿ ಬಂದರೆ ಮಗು ಮರಗಳ ವೈವಿಧ್ಯವನ್ನು ಕಲಿಯುತ್ತದೆ, ಮನುಷ್ಯರದ್ದನ್ನಲ್ಲ.

ಹೊರಗಿಡುವ ಕೆಲಸ ನಮ್ಮಲ್ಲಿ ಬೋರ್ಡು ಹಾಕಿಕೊಂಡು ನಡೆಯುವುದಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿದ್ದರೆ ಕನ್ನಡ ಮಾತ್ರ ಓದುವ ತಾಯಿ ತಾನಾಗಿ ಹಿಂದೆ ಸರಿಯುತ್ತಾಳೆ. ಕಾರಿಲ್ಲದೆ ತಲುಪಲಾಗದ ಫಾರ್ಮ್‌ಹೌಸಿನಲ್ಲಿ ಸೇರಿದರೆ ಬಸ್ಸಿನಲ್ಲಿ ಬರುವವರು ಒಮ್ಮೆ ಬಂದು ನಿಲ್ಲುತ್ತಾರೆ. ಎಲ್ಲರೂ ಡಬ್ಬಿ ಬಿಚ್ಚುವ ಹೊತ್ತಿಗೆ ಒಂದು ಮಗುವಿನ ಡಬ್ಬಿಯ ಕಡೆ ನೋಡಿ ಯಾರಾದರೂ ಮುಖ ಕಿವುಚಿದರೆ ಆ ಮನೆಯವರು ಮುಂದಿನ ವಾರ ಬರುವುದಿಲ್ಲ, ಏಕೆ ಎಂದು ಹೇಳುವುದೂ ಇಲ್ಲ. ಬರಲಾಗದವರು ದೂರು ಕೊಡುವುದಿಲ್ಲ. ಆದ್ದರಿಂದ ಯಾರು ಬಂದಿಲ್ಲ ಎಂದು ನೋಡುವ ಅಭ್ಯಾಸವನ್ನು ಬಂದವರೇ ಬೆಳೆಸಿಕೊಳ್ಳಬೇಕು.

ಈ ಅಭ್ಯಾಸದಲ್ಲಿ ಮಕ್ಕಳ ರಕ್ಷಣೆಯೂ ಅಡಗಿದೆ. ಮನೆಯೊಳಗೆ ಮಗುವಿಗೆ ಹಿಂಸೆಯಾದರೆ ಮೊದಲು ಗಮನಿಸುವುದು ಹೆಚ್ಚಾಗಿ ಶಾಲೆಯ ಟೀಚರು. ಶಾಲೆ ಇಲ್ಲದ ಮಗುವಿಗೆ ಆ ಕಣ್ಣುಗಳೂ ಇಲ್ಲ. ಅಕ್ಕಪಕ್ಕದವರಂತೆ ಮಗುವಿನ ಮುಖ ನೋಡಿ "ಏನಾಯ್ತು ಪುಟ್ಟ?" ಎಂದು ಕೇಳುವ ಹಿರಿಯರು ಗುಂಪಿನಲ್ಲಿ ಇರಬೇಕು.

ಗುಂಪು ಕಟ್ಟುವವರಿಗೆ

ಕೆಲವು ಸಣ್ಣ ಏರ್ಪಾಡುಗಳು ದೊಡ್ಡ ವ್ಯತ್ಯಾಸ ಮಾಡುತ್ತವೆ. ಸೇರುವ ಜಾಗ ಬಸ್ ಅಥವಾ ಮೆಟ್ರೋ ನಿಲ್ದಾಣದಿಂದ ನಡೆಯುವಷ್ಟು ಹತ್ತಿರ ಇರಲಿ, ಶೌಚಾಲಯ ಮತ್ತು ಕುಡಿಯುವ ನೀರು ಇರಲಿ. ಲಾಲ್‌ಬಾಗು, ಕಬ್ಬನ್ ಪಾರ್ಕಿನಂಥ ಸಾರ್ವಜನಿಕ ಜಾಗಗಳು ಇದಕ್ಕೆಂದೇ ಇದ್ದಂತಿವೆ. ಲಾಲ್‌ಬಾಗಿನ ಬಂಡೆ ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದು. ಅದರ ಮೇಲೆ ಕೂತೇ ಭೂಗೋಳ ಕಲಿಯಬಹುದು. ಮೀಸಲು ಅರಣ್ಯವಾದರೆ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. ಮಲೆನಾಡಿನವರು ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಉಣ್ಣೆಗಳ ಬಗ್ಗೆ ಎಚ್ಚರವಾಗಿರಬೇಕು, ಆರೋಗ್ಯ ಇಲಾಖೆ ಬೇಡವೆಂದ ಕಾಡಿಗೆ ಹೋಗಲೇಬಾರದು. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಭಾಗವನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಯಾವ ಮಗುವೂ ಬೇರೆ ಮನೆಯ ಒಬ್ಬರೇ ದೊಡ್ಡವರ ಜೊತೆ ಕಣ್ಮರೆಯಾಗದಂತೆ ನೋಡಿಕೊಳ್ಳುವ ನಿಯಮವನ್ನು ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಿ.

ತಿಂಗಳಿಗೊಂದು ಭಾನುವಾರ ಗುಂಪನ್ನು ಶಾಲೆಗೆ ಹೋಗುವ ಮಕ್ಕಳಿಗೂ ತೆರೆಯಿರಿ. ಕೆರೆಯ ಆಚೆ ದಡದ ಬಡಾವಣೆಯ ಮಕ್ಕಳಿಗೆ ಆ ಕೆರೆಯ ಮೀನು, ಏಡಿ, ಹಾವುಗಳ ಬಗ್ಗೆ ನಿಮಗಿಂತ ಹೆಚ್ಚು ಗೊತ್ತಿರುತ್ತದೆ. ಅವರು ಅತಿಥಿಗಳಾಗಿ ಬರುವುದಕ್ಕಿಂತ ದಾರಿ ತೋರಿಸುವವರಾಗಿ ಬರಲಿ. ಬ್ಲಾಕಿನ ಬಿಐಇಆರ್‌ಟಿ ಶಿಕ್ಷಕರನ್ನು ಹುಡುಕಿ ಮಾತಾಡಿಸಿ. ಮನೆಯಲ್ಲೇ ಕಲಿಯುವ ಆ ಮಕ್ಕಳಿಗೆ ಜೊತೆಗಾರರು ಬೇಕಾಗಿದ್ದಾರೆ, ನಿಮ್ಮ ಮಕ್ಕಳಿಗೂ ಅವರು ಬೇಕು.

ಫಲ ಏನು ಎಂದು ಕೇಳುವವರಿಗೆ ಮಾಳವಿಕಾ ಜೋಶಿಯ ಉದಾಹರಣೆ ಕೊಡುವವರಿದ್ದಾರೆ. ಶಾಲೆ ಬಿಟ್ಟು ಮನೆಯಲ್ಲಿ ಕಲಿತ ಮುಂಬೈನ ಈ ಹುಡುಗಿ ಅಂತರರಾಷ್ಟ್ರೀಯ ಇನ್‌ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನಲ್ಲಿ ಮೂರು ಪದಕ ಗೆದ್ದು, 12ನೇ ತರಗತಿಯ ಪ್ರಮಾಣಪತ್ರ ಇಲ್ಲದೆಯೂ 2016ರಲ್ಲಿ ಅಮೆರಿಕದ ಎಂಐಟಿ ಸೇರಿದಳು. ಹೆಮ್ಮೆಯ ಸಂಗತಿ. ಆದರೆ ಪದಕ ಬರದ ಮಗುವಿಗೂ ಈ ಗುಂಪು ಅಷ್ಟೇ ಸೇರಿದ್ದು. ಯಾವುದೋ ಒಂದು ಮಗು ಎಲ್ಲಿಗೆ ಏರಿತು ಎನ್ನುವುದರಿಂದ ಗುಂಪಿನ ಬೆಲೆ ಕಟ್ಟಲು ಬರುವುದಿಲ್ಲ. ಬರಲು ಅತಿ ಕಷ್ಟವಿದ್ದ ಮಗು ಈ ವಾರವೂ ಬಂದಿತೇ ಎಂದು ನೋಡಬೇಕು.

ಅವತ್ತು ಮನೆಗೆ ಹೊರಡುವ ಮುನ್ನ ಹೊಸದಾಗಿ ಸೇರಿದ ತಂದೆಯೊಬ್ಬರು, ಮುಂದಿನ ಬುಧವಾರ ತುರಹಳ್ಳಿ ಕಾಡಿಗೆ ಹೋದರೆ ಹೇಗೆ ಎಂದರು. ಅಲ್ಲಿನ ಬಂಡೆ, ಕುರುಚಲು, ಹಕ್ಕಿಗಳ ಬಗ್ಗೆ ಆಸೆಯಿಂದ ಹೇಳಿದರು. ಕಾಲುದಾರಿಯಲ್ಲಿ ಕಲ್ಲು ಜಾಸ್ತಿ, ಗಾಲಿಕುರ್ಚಿ ಹೋಗದು ಎಂದು ಯಾರೋ ನೆನಪಿಸಿದರು. ಹುಡುಗನ ತಾಯಿ ಸಂಕೋಚದಿಂದ, "ಒಂದು ವಾರ ನಾವು ಬರಲ್ಲ ಬಿಡಿ, ನೀವೆಲ್ಲ ಹೋಗಿಬನ್ನಿ" ಎಂದರು. ಅದಕ್ಕೆ ಉತ್ತರ ಕೊಟ್ಟವಳು ಎಲೆಯನ್ನು ಬೆಳಕಿಗೆ ಹಿಡಿದಿದ್ದ ಹುಡುಗಿ.

"ಬೇಡ ಆಂಟಿ. ಇಲ್ಲೇ ಬರೋಣ. ಹುಳ ಹೊರಗೆ ಬಂತಾ ನೋಡ್ಬೇಕು. ಅವನಿಲ್ದಿದ್ರೆ ಆ ಎಲೆ ಯಾವ್ದು ಅಂತ ನಮಗೆ ಗೊತ್ತಾಗಲ್ಲ."

ಹುಡುಗ ಆಗಲೇ ತನ್ನ ಕೈಗೆಟುಕುವ ಆ ಕೊಂಬೆಗೆ ಗುರುತಿಗೆಂದು ಒಂದು ಕೆಂಪು ದಾರ ಕಟ್ಟಿದ್ದ.